ತಮಾಲನ ಚರ್ಮದೊಳಗೆ

೧೪ ನವೆಂಬರ್ ೧೯೫೪, ಸಯನ್

ಇವತ್ತೂ ಅಡುಗೆಮನೆಯ ಬಾಗಿಲಿಗೆ ಹಣೆ ಬಡಿಯಿತು. ಕೈಯಲ್ಲಿ ಇಡ್ಲಿ ತಟ್ಟೆ. ಸಾಂಬಾರ್ ಚೆಲ್ಲಲಿಲ್ಲ, ಅದೇ ಪುಣ್ಯ. ಗಲ್ಲೆಯಲ್ಲಿ ದುಡ್ಡು ಎಣಿಸುತ್ತಿದ್ದ ಮೋನಪ್ಪ ಮಾವ ತಲೆ ಎತ್ತದೇ ಹೇಳಿದರು, “ಬಗ್ಗು ಮಾರಾಯ, ಬಗ್ಗು. ಬಾಗಿಲು ನಿಂಗೋಸ್ಕರ ಏಳ್ಲಿಕ್ಕಿಲ್ಲ.” ಬಗ್ಗುವುದೇ ಆಯಿತು. ಮಲಗುವ ಅಟ್ಟದಲ್ಲೂ ಮೊಣಕಾಲು ಮಡಚಿಯೇ ಮಲಗಬೇಕು. ಮಾವನ ಹೋಟೆಲು, ಮಾವನ ಅನ್ನ — ದೂರುವಂತಿಲ್ಲ.

ಕಿಟಕಿಯ ಟೇಬಲ್ಲಿಗೆ ಶಂಕ್ರೆಪ್ಪ ಬಂದಿದ್ದರು. ವಿಜಾಪುರದ ಕಡೆಯವರು, ಬಟ್ಟೆ ವ್ಯಾಪಾರ, ದಿನಾ ಇಲ್ಲೇ ಕಾಫಿ. ಜೊತೆಗೆ ಹೊಸಬರೊಬ್ಬರು, ಮರಾಠಿಯವರು — ದಾತೇ ಸಾಹೇಬರಂತೆ. ಕಾಫಿ ಇಡುವಾಗ ಒಂದು ಮಾತು ಕಿವಿಗೆ ಬಿತ್ತು. ‘ಹಗಲಿಲ್ಲದ ದ್ವೀಪ.’ ಕಪ್ಪು ಸಾಸರಿನ ಮೇಲೆ ಕುಣಿಯಿತು.

“ಯಾಕಪಾ, ಪುಸ್ತಕ ಓದೀ ಏನು?” ಶಂಕ್ರೆಪ್ಪ ಕೇಳಿದರು.

“ಓದಿದ್ದೇನೆ.”

ಓದಿದ್ದೇನೆ! ಬಾಯಿಪಾಠ ಇದೆ ಎನ್ನಲು ನಾಚಿಕೆಯಾಯಿತು.

“ಅದರ ಪಿಚ್ಚರ್ ಮಾಡಾಕತ್ತೀವಿ. ಕನ್ನಡದಾಗ. ಇಲ್ಲೇ, ಮುಂಬೈದಾಗ.”

ದಾತೇ ಸಾಹೇಬರು ಮಾತ್ರ ನನ್ನ ಮುಖ ನೋಡುತ್ತಿರಲಿಲ್ಲ. ಕಾಲಿನಿಂದ ತಲೆಯವರೆಗೆ ನೋಡುತ್ತಿದ್ದರು, ಮರದ ವ್ಯಾಪಾರಿ ದಿಮ್ಮಿ ನೋಡುವ ಹಾಗೆ. “ಉಂಚಾಯೀ ಕಿತನಾ ಹೈ? ಛೇ ಫುಟ್ ತೀನ್?” ಎಂದು ಎತ್ತರ ಕೇಳಿದರು.

೧೭ ನವೆಂಬರ್

ಅಂಧೇರಿ. ದಾದರಿನಲ್ಲಿ ಲೋಕಲ್ ಬದಲಿಸಿ ಹೋದೆ. ಸ್ಟುಡಿಯೋ ಎಂದರೆ ತಗಡಿನ ದೊಡ್ಡ ಗೋದಾಮು, ಅಷ್ಟೇ. ಅಳತೆ ತೆಗೆದವನು ಐತ — ನಮ್ಮ ಕಡೆಯವನೇ. ಮೊದಲು ಯಕ್ಷಗಾನ ಮೇಳದಲ್ಲಿ ವೇಷದ ಪೆಟ್ಟಿಗೆ ನೋಡಿಕೊಳ್ಳುತ್ತಿದ್ದ. ಈಗ ಕಂಪನಿಯ ಡ್ರೆಸ್ ವಿಭಾಗ. ಭುಜಕ್ಕೆ ಟೇಪು ಎಟುಕದೇ ಸ್ಟೂಲು ತರಿಸಿದ.

ನಾನೇ ತಮಾಲ! ನಂಬಿಕೆ ಬರುತ್ತಿಲ್ಲ. ಕಥೆಯನ್ನು ಇಲ್ಲಿ ಬರೆಯಬೇಕು ಅನ್ನಿಸುತ್ತಿದೆ, ಬರೆಯುವ ಸುಖಕ್ಕಾದರೂ.

ಹಗಲೇ ಆಗದ ಒಂದು ದ್ವೀಪ. ಅಲ್ಲಿ ಉಳಿದಿರುವುದು ಒಂದೇ ದೀಪ. ಅದನ್ನು ಕಾಯುವವನು ತಮಾಲ — ಕೊಂಬು, ಹಾರಲು ಬಾರದ ಗಿಡ್ಡ ರೆಕ್ಕೆ, ಕಂಡವರು ಓಡುವಂಥ ಮುಖ. ಅವನನ್ನು ಕೊಂದು ದೀಪ ತಾ ಎಂದು ರಾಜ ನೀಲಾಂಜನೆ ಎಂಬ ಹುಡುಗಿಯನ್ನು ಕಳಿಸುತ್ತಾನೆ. ಅವಳು ಕೊಲ್ಲುವುದಿಲ್ಲ. ತಮಾಲ ಪ್ರಶ್ನೆ ಕೇಳುತ್ತಾನೆ — ಸಮುದ್ರದ ಆಚೆ ಏನಿದೆ, ತಾಯಿ ಎಂದರೆ ಯಾರು, ನಗು ಎಲ್ಲಿಂದ ಬರುತ್ತದೆ. ಉತ್ತರ ಕೊಡುತ್ತಾ ಕೊಡುತ್ತಾ ಅವಳು ಅಲ್ಲೇ ಉಳಿಯುತ್ತಾಳೆ. ಕೊನೆಗೆ ಎಣ್ಣೆ ತೀರುತ್ತದೆ. ದೀಪ ಆರುತ್ತದೆ. ಇಬ್ಬರೂ ದಡದಲ್ಲಿ ಸುಮ್ಮನೆ ಕೂತಿರುತ್ತಾರೆ. ಆಗ ಮೊದಲ ಸೂರ್ಯ. ತಮಾಲ ನೋಡಿ ಹೇಳುತ್ತಾನೆ: ‘ಇಷ್ಟು ಸಣ್ಣದಕ್ಕಾಗಿ ಇಷ್ಟು ಕತ್ತಲು ಕಾದೆವೇ?’ ಪುಸ್ತಕ ಮುಗಿಯುತ್ತದೆ.

ಮೂಲ್ಕಿಯ ಶಾಲೆಯಲ್ಲಿ ನನ್ನನ್ನು ಉದ್ದ ಭೂತ ಎನ್ನುತ್ತಿದ್ದರು. ಆ ವರ್ಷವೇ ಈ ಪುಸ್ತಕ ಸಿಕ್ಕಿದ್ದು. ಇದಕ್ಕಿಂತ ಹೆಚ್ಚು ಬರೆಯಲಾರೆ.

೩ ಡಿಸೆಂಬರ್

ಮಾವನಿಗೆ ಹೇಳಿದೆ. ಗಿರಾಕಿಗಳ ಎದುರೇ ಕೂಗಾಡಿದರು.

“ನಿಂಗೆ ಮರ್ಲಾ, ಹುಚ್ಚಾ? ವೇಷ ಕಟ್ಟಿ ಕುಣಿಯುವುದಾದ್ರೆ ಊರಲ್ಲೇ ಇರ್ಬಹುದಿತ್ತಲ್ಲ. ಇಲ್ಲಿಗೆ ಎಂತಕ್ಕೆ ಬಂದದ್ದು?”

“ಕುಣಿಯುವುದಲ್ಲ ಮಾವ. ಅದು—”

“ಹೋಗುವುದಾದ್ರೆ ಹೋಗು. ತಿರುಗಿ ಬರುವ ಯೋಚನೆ ಬೇಡ.”

ಟ್ರಂಕ್ ಹಿಡಿದು ಹೊರಟೆ. ಐತನ ಕೋಲಿಯಲ್ಲಿದ್ದೇನೆ, ಅಂಧೇರಿಯ ಚಾಳಿನ ಒಂದೇ ಕೋಣೆ. ಅವನ ಹೆಂಡತಿ ಸೇವಂತಿ ಚಾಪೆ ಹಾಸಿ ಗೋಡೆಯಿಂದ ಗೋಡೆಗೆ ನನ್ನನ್ನು ಅಳೆದು ನೋಡಿದಳು. “ಓರೆಯಾಗಿ ಮಲಗಿದ್ರೆ ಹಿಡಿಸ್ತದೆ” ಎಂದಳು.

೨೨ ಡಿಸೆಂಬರ್

ಚರ್ಮ ಸಿದ್ಧವಾಯಿತು. ಹಾಗೇ ಕರೆಯುತ್ತಾರೆ ಎಲ್ಲರೂ — ಚರ್ಮ. ಗೋಣಿ, ತಂತಿ, ನಾರು, ಮೇಲೆ ಕಪ್ಪು ರೆಕ್ಸಿನ್. ತಲೆ ಬೇರೆ, ಕಾಗದದ ರಟ್ಟು, ಕೊಂಬು ಮರದ್ದು. ತಮಾಲನ ಕಣ್ಣುಗಳು ನನ್ನ ನೆತ್ತಿಗಿಂತ ಮೇಲಿವೆ. ನಾನು ನೋಡುವುದು ಅವನ ಗಂಟಲಿನಿಂದ, ಒಂದು ತುಂಡು ಜಾಲರಿಯ ಮೂಲಕ. ಎಲ್ಲರ ಎದೆ ಕಾಣುತ್ತದೆ, ಮುಖ ಕಾಣುವುದಿಲ್ಲ.

ಹಾಕಿಕೊಳ್ಳುವುದಲ್ಲ, ಹೊಲಿಸಿಕೊಳ್ಳುವುದು. ಒಳಗೆ ನಿಂತ ಮೇಲೆ ಐತ ಬೆನ್ನಿನುದ್ದಕ್ಕೂ ದಬ್ಬಣದಿಂದ ಹೊಲಿಯುತ್ತಾನೆ. ಬಿಚ್ಚಬೇಕಾದರೆ ದಾರ ಕತ್ತರಿಸಬೇಕು, ಮತ್ತೆ ಹೊಲಿಯಲು ಬಹಳ ಹೊತ್ತು. ಆದ್ದರಿಂದ ಬೆಳಿಗ್ಗೆ ಹೊಕ್ಕರೆ ಪ್ಯಾಕ್‌ಅಪ್‌ವರೆಗೆ ಹೊರಗಿಲ್ಲ. ನೀರು ರಬ್ಬರ್ ನಳಿಗೆಯಿಂದ. ಉಳಿದದ್ದು... ತಡೆದುಕೊಳ್ಳಬೇಕು.

ಸೆಟ್ಟಿನ ತಗಡಿನ ಗೋಡೆಯಲ್ಲಿ ನೆರಳು ನೋಡಿಕೊಂಡೆ. ಅವನೇ. ಪುಸ್ತಕದಿಂದ ಎದ್ದು ಬಂದವನೇ. ಒಳಗೆ ಅತ್ತೆ. ಯಾರಿಗೂ ಕಾಣಲಿಲ್ಲ, ಅದೊಂದು ಅನುಕೂಲ.

೯ ಜನವರಿ ೧೯೫೫

ತಮಾಲನಿಗೆ ಮಾತಿಲ್ಲ.

ಇವತ್ತು ಗೊತ್ತಾಯಿತು. ನನ್ನ ಡೈಲಾಗ್ ಯಾವಾಗ ಎಂದು ದಾತೇ ಸಾಹೇಬರನ್ನು ಕೇಳಿದೆ. ಡೈರೆಕ್ಟರ್ ಅವರೇ. ನಕ್ಕರು. “ಅರೇ ರಮಾನಾಥ್, ಜನಾವರ್ ಕಭೀ ಬೋಲ್ತಾ ಹೈ ಕ್ಯಾ? ಗರ್ಜನಾ ಕರೋ. ಬಸ್.”

“ಪುಸ್ತಕದಲ್ಲಿ ಅವನು ಮಾತಾಡುತ್ತಾನೆ ಸಾಹೇಬ್. ಪುಸ್ತಕವೇ ಅವನ ಮಾತು.”

“ಪಿಕ್ಚರ್ ಮೇಂ ಹೀರೋ ಬೋಲೇಗಾ.”

ಹೀರೋ! ಪುಸ್ತಕದಲ್ಲಿ ಹೀರೋ ಎಲ್ಲಿದ್ದಾನೆ? ಇದ್ದಾನೆ ಈಗ. ಹಂಚಿಕೆದಾರರು ಕೊಟ್ಟವನು — ಸ್ಟಂಟ್ ಪಿಚ್ಚರುಗಳ ನಟ, ರಾಜಕುಮಾರನ ವೇಷ, ಕೈಯಲ್ಲಿ ಈಟಿ. ನೀಲಾಂಜನೆಯನ್ನು ಬಿಡಿಸಲು ಬರುತ್ತಾನೆ. ಯಾರಿಂದ? ನನ್ನಿಂದ. ಕೊನೆಗೆ ನನ್ನನ್ನು ಕೊಲ್ಲುತ್ತಾನೆ. ನಾನು ಸತ್ತ ಕೂಡಲೇ ಸೂರ್ಯ ಹುಟ್ಟುತ್ತದೆ.

ರಾತ್ರಿ ಊಟ ಸೇರಲಿಲ್ಲ. ಸೇವಂತಿ ಕೇಳಿದಳು. ಹಸಿವಿಲ್ಲ ಎಂದೆ.

೩೦ ಜನವರಿ, ಬೊರಿವಲಿ

ಕಾಡಿನ ಅಂಚಿನಲ್ಲಿ ಔಟ್‌ಡೋರ್. ಊರಿನವರು ತಮಾಲನಿಗೆ ಕಲ್ಲು ಹೊಡೆಯುವ ದೃಶ್ಯ. ಬೆಂಡಿನ ಕಲ್ಲು ಹಂಚಿದ್ದರು. ಗುಂಪಿಗೆಂದು ಕರೆತಂದವರು ಹತ್ತಿರದ ಹಳ್ಳಿಯ ಜನ. ಬೆಂಡು ಮುಗಿಯಿತು. ಗರ್ಜಿಸು ಎಂದು ದಾತೇ ಕೂಗುತ್ತಲೇ ಇದ್ದರು, ಗರ್ಜಿಸುತ್ತಲೇ ಇದ್ದೆ. ಜನಕ್ಕೆ ಹುಮ್ಮಸ್ಸು ಬಂತು. ನೆಲದ ಕಲ್ಲು ಎತ್ತಿಕೊಂಡರು.

ಮೊದಲನೆಯದು ಪಕ್ಕೆಗೆ. ಎರಡನೆಯದು ಮೊಣಕಾಲಿಗೆ. “ನಿಲ್ಲಿಸಿ! ಕಲ್ಲು ನಿಜವಾದದ್ದು!” ಎಂದು ಕೂಗಿದೆ. ರಟ್ಟಿನ ತಲೆಯೊಳಗೆ ನನ್ನ ಕೂಗು ನನ್ನ ಕಿವಿಗೇ ತಿರುಗಿ ಬಂತು. ಹೊರಗೆ ಕೇಳಿದ್ದು ಬರೀ ಗೊರಗೊರ. ಶಾಟ್ ಚೆನ್ನಾಗಿ ಬರುತ್ತಿದೆ ಎಂದು ದಾತೇಗೆ ಖುಷಿ. ಓಡಲಾಗದು, ಆ ವೇಷದ ಕಾಲಿನಲ್ಲಿ ನಡೆಯುವುದೇ ಕಷ್ಟ. ಕೈ ಮುಗಿಯೋಣವೆಂದರೆ ತಮಾಲನ ಉದ್ದ ಉಗುರುಗಳ ಭಾರಕ್ಕೆ ಎರಡೂ ಅಂಗೈ ಸೇರುವುದಿಲ್ಲ. ಬೆನ್ನು ತಿರುಗಿಸಿ ಕುಸಿದು ಕೂತೆ.

ಐತ ಕಂಡುಹಿಡಿದ. ರೆಕ್ಸಿನ್ ಮೇಲೆ ಕೆಂಪು ನೋಡಿ.

೧೩ ಫೆಬ್ರವರಿ

ನಡುವೆ ಬರೆಯಲಿಲ್ಲ. ಪಕ್ಕೆಯ ನೋವು, ಮೈತುಂಬಾ ಬೆವರುಸಾಲೆ.

ಇವತ್ತು ಅವರು ಬಂದಿದ್ದರು. ಬಸಲಿಂಗವ್ವ. ಪುಸ್ತಕ ಬರೆದವರು! ವಿಜಾಪುರದಲ್ಲಿ ಹೆಣ್ಣುಮಕ್ಕಳ ಶಾಲೆಯ ಟೀಚರಾಗಿದ್ದವರು, ಈಗ ಸಯನ್ನಿನಲ್ಲಿ ತಮ್ಮನ ಮನೆಯಲ್ಲಿದ್ದಾರೆ. ಇಷ್ಟು ವರ್ಷ ನಾನು ಕಾಫಿ ಕೊಡುತ್ತಿದ್ದ ಬೀದಿಯ ಆಚೆ ಬೀದಿ. ಇಳಕಲ್ ಸೀರೆ, ದಪ್ಪ ಕನ್ನಡಕ. ಶಂಕ್ರೆಪ್ಪ ಕುರ್ಚಿ ಹಾಕಿಸಿದರು.

ಇವರು ಈಗ ಸಿಡಿಯುತ್ತಾರೆ, ಎಲ್ಲ ಸರಿಹೋಗುತ್ತದೆ ಎಂದುಕೊಂಡೆ. ರಾಜಕುಮಾರನ ಈಟಿ ನೋಡಿದರು. ನನ್ನ ಗರ್ಜನೆ ಕೇಳಿದರು. ಕುರ್ಚಿಯಿಂದ ಏಳಲಿಲ್ಲ. ಬ್ರೇಕಿನಲ್ಲಿ ಎದ್ದು ನೇರ ನನ್ನ ಹತ್ತಿರ ಬಂದರು. ಅವರು ಗಿಡ್ಡ, ಜಾಲರಿಯಲ್ಲಿ ಮೊದಲ ಬಾರಿಗೆ ಒಂದು ಇಡೀ ಮುಖ ಕಂಡಿತು.

“ಒಳಗ ಉಸರಾಡಾಕ ಬರತೈತೇನಪ್ಪಾ?”

ಇಷ್ಟು ದಿನದಲ್ಲಿ ಯಾರೂ ಕೇಳಿರಲಿಲ್ಲ.

“ಅಮ್ಮಾ, ಇವರು ತಮಾಲನನ್ನು ಕೊಲ್ಲುತ್ತಿದ್ದಾರೆ. ಮಾತೂ ಕಿತ್ತುಕೊಂಡಿದ್ದಾರೆ. ನೀವು ಹೇಳಿ.”

“ಮೊದಲ ಸಲ ಬರದಾಗ ನಾನೂ ಕೊಂದಿದ್ದೆನಪ್ಪಾ. ತಿದ್ದಿ ಬರಿಯೂಮುಂದ ಕೈ ಹೆದರ್ತು, ಉಳಿಸಿಬಿಟ್ಟೆ. ದೊಡ್ಡ ವಿಚಾರೇನಿರಲಿಲ್ಲ ಅದರಾಗ.”

“ಹಾಗೆನ್ನಬೇಡಿ.”

“ನಾ ಬರದದ್ದು ಮುಗದು ಎಷ್ಟೋ ವರ್ಷ ಆತು. ಈಗ ಅದು ನಿಂದು ಕಾಣಸ್ತೈತಿ. ನೀ ನೋಡ್ಕೋ.”

ಸೆರಗಿನಿಂದ ಜಾಲರಿಯ ಧೂಳು ಒರೆಸಿ ಹೋದರು. ಸಿಟ್ಟು ಬಂತು. ಯಾರ ಮೇಲೆ, ತಿಳಿಯದು.

೨೭ ಫೆಬ್ರವರಿ

ಬಿಡುತ್ತೇನೆ ಎಂದು ಶಂಕ್ರೆಪ್ಪನವರಿಗೆ ಹೇಳಿದೆ, ಪಿಚ್ಚರಿಗೆ ದುಡ್ಡು ಹಾಕಿದವರು ಅವರೇ. ಅವರು ಬೆಂಚಿನ ಮೇಲೆ ಜಾಗ ಮಾಡಿ ಕೂರಿಸಿಕೊಂಡರು.

“ನಮ್ಮವ್ವ ಕಣ್ಣು ಹೋದ ಮ್ಯಾಲೆ ನನ್ನ ಕಡೆ ಓದಿಸಿಕೊಂತಿದ್ಲು ಈ ಪುಸ್ತಕ. ನಾ ಓದೋದು ಬ್ಯಾಸರಾಗಿ ಪುಟ ಹಾರಿಸಿದ್ರ ಹಿಡೀತಿದ್ಲು. ನಂಗ ಈ ಈಟಿ-ಗೀಟಿ ಬೇಕಾಗಿತ್ತಂತ ತಿಳದೀ ಏನು? ಹಂಚೋರು ಹೇಳಿದ್ರು — ಹೀರೋ ಇಲ್ಲ ಅಂದ್ರ ಥೇಟರ್ ಇಲ್ಲ.”

“ಹಾಗಾದರೆ ಯಾಕೆ ಮಾಡುತ್ತಿದ್ದೀರಿ?”

“ಅರ್ಧಾ ಹೊಳಿ ದಾಟೀನಿ. ತಿರುಗಿ ಹೋಗೋದೂ ಅಷ್ಟ ದೂರ.”

ಬೇರೆ ಆಳನ್ನು ಚರ್ಮದಲ್ಲಿ ನಿಲ್ಲಿಸಿ ನೋಡಿದರಂತೆ. ಕುಸ್ತಿಯವನು. ತಮಾಲ ಕುಪ್ಪಳಿಸುವ ಗೋಣಿಯಾದ. ನನ್ನ ಅಳತೆಗೆ ಹೊಲಿದದ್ದು, ನನಗೆ ಮಾತ್ರ ಆಗುತ್ತದೆ. ನಾನು ಬಿಟ್ಟರೆ ಎಲ್ಲರ ಕೆಲಸವೂ ನಿಲ್ಲುತ್ತದೆ — ಐತನದೂ. ಅವನ ಚಾಪೆಯ ಮೇಲೆಯೇ ಕೂತು ಬರೆಯುತ್ತಿದ್ದೇನೆ.

ಹೊಲಿಗೆ ಬೆನ್ನಿನ ಮೇಲೆ. ಕೈ ಎಟುಕುವುದಿಲ್ಲ.

೨೦ ಮಾರ್ಚ್

ಒಂದು ಒಳ್ಳೆಯದು ನಡೆಯುತ್ತಿದೆ. ನೀಲಾಂಜನೆಯ ಪಾತ್ರದ ವಸಂತಿ. ಅಪ್ಪ ಬೆಳಗಾವಿಯವರು, ರೇಲ್ವೆ. ಹುಟ್ಟಿದ್ದು, ಬೆಳೆದದ್ದು ಇಲ್ಲೇ. ಡೈಲಾಗನ್ನು ನಾಗರಿಯಲ್ಲಿ ಬರೆದುಕೊಂಡು ಓದುತ್ತಾಳೆ.

“ಕನ್ನಡ ಬೋಲ್ತೀನಿ, ಓದಾಕ ಬರಂಗಿಲ್ಲ. ಬುಕ್ಕಿನಾಗ ಕ್ಯಾ ಐತಿ? ಸೇಮ್ ಸ್ಟೋರಿ?”

ಸೇಮ್ ಅಲ್ಲ ಎಂದೆ. ಅಂದಿನಿಂದ ಶಾಟ್‌ಗಳ ನಡುವೆ ಹೇಳುತ್ತಿದ್ದೇನೆ. ಅವಳು ನನ್ನ ಗಂಟಲ ಹತ್ತಿರ ಸ್ಟೂಲು ಹಾಕಿಕೊಂಡು ಕೂರುತ್ತಾಳೆ. “ಫಿರ್? ಮುಂದ?” ಲೈಟಿನವರು ನಗುತ್ತಾರೆ. ನಗಲಿ. ಇಡೀ ದಿನದಲ್ಲಿ ತಮಾಲ ಮಾತಾಡುವುದು ಅಷ್ಟೇ ಹೊತ್ತು.

ಇವತ್ತು ಕೊನೆಯ ಅಧ್ಯಾಯ ಹೇಳಿದೆ. ಸ್ಟೂಲು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಆಮೇಲೆ, “ಬಸ್? ಕೂರ್ತಾರ, ಅಷ್ಟೇ?”

“ಅಷ್ಟೇ.”

“ಕಿತ್ನಾ ಅಚ್ಛಾ...” ಎಂದಳು.

೧೭ ಏಪ್ರಿಲ್, ಪವಾಯಿ

ಕೆರೆಯ ದಂಡೆ. ಕೊಲೆಯ ಶಾಟ್. ಕಂಪನಿಯ ಲಾರಿಯಲ್ಲಿ ಕತ್ತಲಿರುವಾಗಲೇ ಬಂದೆವು. ಸೂರ್ಯ ಏಳುವ ಮುಂಚೆ ಈಟಿ ತಗುಲಬೇಕು, ನಾನು ನೀರಿಗೆ ಬೀಳಬೇಕು, ಆಮೇಲೆ ಸೂರ್ಯ.

ಬಿದ್ದೆ. ಸೊಂಟದ ಮಟ್ಟದ ನೀರು ಎಂದಿದ್ದರು. ಇರಬಹುದು. ಆದರೆ ನಾರು, ಗೋಣಿ ನೀರು ಕುಡಿದವು. ತಲೆ ತುಂಬಿತು. ಏಳಲು ಹೋದರೆ ಯಾರೋ ಮೇಲೆ ಕೂತ ಹಾಗೆ. ಜಾಲರಿಯಲ್ಲಿ ಹಸಿರು, ಆಮೇಲೆ ಕಪ್ಪು. ಕೈ ಎಲ್ಲಿದೆ, ಕಾಲು ಎಲ್ಲಿದೆ, ತಿಳಿಯಲಿಲ್ಲ. ಅಮ್ಮ ಎಂದೆ, ಬಾಯಿಗೆ ಕೆಸರು ಬಂತು.

ಬೆನ್ನಿನಲ್ಲಿ ತಣ್ಣಗೆ ಏನೋ ಹರಿಯಿತು. ಐತನ ಕತ್ತರಿ. ಎಳೆದು ದಡಕ್ಕೆ ಹಾಕಿದ. “ಇವ ಸಾಯ್ತಿದ್ದ, ನೀವು ನೋಡ್ತಾ ನಿಂತದ್ದಾ?” ಎಂದು ತುಳುವಿನಲ್ಲೂ ಕನ್ನಡದಲ್ಲೂ ಬೈದ. ಅರ್ಥವಾದವರು ತಲೆ ತಗ್ಗಿಸಿದರು.

ಶಾಟ್ ಕೆಟ್ಟಿತ್ತು. ಈಟಿ ಎಸೆದು ಹೀರೋ ಕೆಸರಿನಲ್ಲಿ ಜಾರಿ ಬಿದ್ದಿದ್ದ, ವಿಗ್ಗು ಕಳಚಿತ್ತು. ನಾಳಿದ್ದು ಮತ್ತೆ ಎಂದರು ದಾತೇ. ಚರ್ಮ ಒಣಗಬೇಕಲ್ಲ.

ಶಂಕ್ರೆಪ್ಪ ಬಂದು ಪಕ್ಕದಲ್ಲಿ ನಿಂತರು. ಬ್ಯಾಡ ಬಿಡು ಎನ್ನುತ್ತಾರೇನೋ ಎಂದು ಕಾದೆ. “ಈ ಸಲ ಹಗ್ಗ ಕಟ್ಟೋಣು” ಎಂದರು.

೧೯ ಏಪ್ರಿಲ್, ಮಧ್ಯಾಹ್ನ

ನಡೆದದ್ದನ್ನು ನಡೆದ ಹಾಗೇ ಬರೆಯಬೇಕು.

ಹೊಲಿಸಿಕೊಳ್ಳುವ ಮುಂಚೆ ವಸಂತಿಗೆ ಹೇಳಿದೆ. “ಇವತ್ತು ನಾನು ಬೀಳುವುದಿಲ್ಲ. ಕೂರುತ್ತೇನೆ. ನೀನು ಏನು ಬೇಕಾದರೂ ಮಾಡು.” ಅವಳು ಬಗ್ಗಿ ಕಾಲಿನ ಗೆಜ್ಜೆ ಬಿಗಿದುಕೊಂಡಳು.

ಕ್ಯಾಮೆರಾ ಓಡಿತು. ಹೀರೋ ಈಟಿ ಎತ್ತಿದ. ಗರ್ಜಿಸಲಿಲ್ಲ. ನಡೆದು ನೀರಿನ ಅಂಚಿಗೆ ಹೋದೆ. ಕೂತೆ. ಬೆನ್ನು ಎಲ್ಲರಿಗೆ, ಮುಖ ಕೆರೆಗೆ. ಹಿಂದೆ ಗುಸುಗುಸು. ಹೀರೋ “ಅಬ್ ಕ್ಯಾ?” ಎನ್ನುತ್ತಿದ್ದ. ಯಾರೋ ಹತ್ತಿರ ಬಂದು ಕೂತ ಸದ್ದು. ಗೆಜ್ಜೆ. ವಸಂತಿ ನನ್ನ ಉಗುರುಗಳ ಮೇಲೆ ಕೈ ಇಟ್ಟಳು.

ಕಟ್ ಎಂದು ಯಾರೂ ಕೂಗಲಿಲ್ಲ. ಯಾಕೆ ಕೂಗಲಿಲ್ಲ? ಆಚೆ ಗುಡ್ಡದ ಮೇಲೆ ಸೂರ್ಯ ಬಂತು. ಜಾಲರಿಯ ತುಂಬ ಕೆಂಪು. ಆ ಮಾತು ಹೇಳಿದೆ, ಪುಸ್ತಕದ ಕೊನೆಯ ಮಾತು. ವಸಂತಿಗೆ ಕೇಳಿಸಿರಬೇಕು. ಕೈ ಬಿಗಿ ಹಿಡಿದಳು.

ಆಮೇಲೆ ದಾತೇ ಸಾಹೇಬರ ಬೂಟುಗಳು. ಬಾಗಿ ಜಾಲರಿಯಲ್ಲಿ ನೋಡಿದರು. ಹೊಡೆಯುತ್ತಾರೆ ಎಂದುಕೊಂಡೆ. ಮೆಲ್ಲಗೆ ಅಂದರು — “ಬಹುತ್ ಅಚ್ಛಾ ಕಿಯಾ.” ತಿರುಗಿ ಐತನಿಗೆ, “ಖೋಲೋ ಇಸಕೋ. ಅಬ್ ಇಸಕೀ ಜರೂರತ್ ನಹೀ.”

ಇನ್ನು ನನ್ನ ಅಗತ್ಯ ಇಲ್ಲವಂತೆ. ಯಾಕೆ, ಅರ್ಥವಾಗಲಿಲ್ಲ.

೨೦ ಏಪ್ರಿಲ್

ಅರ್ಥವಾಯಿತು. ಚರ್ಮಕ್ಕೆ ಹುಲ್ಲು ತುಂಬಿಸಿದರು. ಅದೇ ಜಾಗದಲ್ಲಿ, ಅದೇ ಭಂಗಿಯಲ್ಲಿ ಕೂರಿಸಿದರು. ಐತ ನನ್ನ ಮುಖ ನೋಡದೇ ಹೊಲಿದ. ಹೀರೋ ಓಡಿ ಬಂದು ಹಿಂದಿನಿಂದ ಈಟಿ ಚುಚ್ಚಿದ. ಒಂದೇ ಟೇಕ್.

ಮೊದಲ ಬಾರಿ ತಮಾಲನನ್ನು ಹೊರಗಿನಿಂದ ನೋಡಿದೆ. ಎಷ್ಟು ದೊಡ್ಡವನು! ನೀರಿಗೆ ಮಗುಚಿ ಬಿದ್ದ. ಹುಲ್ಲು ಹಗುರ, ಮುಳುಗಲಿಲ್ಲ. ಬಿದಿರಿನಿಂದ ಒತ್ತಿ ಹಿಡಿದರು.

೧೨ ಜೂನ್, ಸಯನ್

ಮಾವನೇ ಹೇಳಿಕಳಿಸಿದರು. “ಕಾಫಿ ಕೊಡ್ಲಿಕ್ಕೆ ಜನ ಇಲ್ಲ. ಬರುವುದಾದ್ರೆ ಬಾ.” ಬಂದಿದ್ದೇನೆ. ಬಾಗಿಲು ಅಷ್ಟೇ ಎತ್ತರ.

೨೧ ಆಗಸ್ಟ್, ಭಾನುವಾರ

ಮಾಟುಂಗಾದಲ್ಲಿ ಮ್ಯಾಟಿನಿ. ಬಸಲಿಂಗವ್ವನವರನ್ನು ನಾನೇ ಕರೆದುಕೊಂಡು ಹೋದೆ. ಅವರೇ ಹೇಳಿಕಳಿಸಿದ್ದರು.

ಮೊದಲರ್ಧ ಶಿಳ್ಳೆ, ಚಪ್ಪಾಳೆ. ಹೀರೋ ಹಾಡಿದ. ನಾನು ಗರ್ಜಿಸಿದೆ, ಮಕ್ಕಳು ಕಿರುಚಿದರು. ನಾಚಿಕೆಯಿಂದ ಕುರ್ಚಿಯಲ್ಲಿ ಇಳಿದು ಕೂತೆ.

ಆಮೇಲೆ ಕೆರೆ. ದಾತೇ ಒಂದು ಅಂಗುಲವನ್ನೂ ಕತ್ತರಿಸಿಲ್ಲ. ತಮಾಲ ನಡೆದು ಹೋಗುತ್ತಾನೆ. ಕೂರುತ್ತಾನೆ. ಹುಡುಗಿ ಬಂದು ಕೂರುತ್ತಾಳೆ. ಸಂಗೀತವಿಲ್ಲ. ಸೂರ್ಯ ಏಳುತ್ತದೆ. ಥೇಟರಿನಲ್ಲಿ ಕೆಮ್ಮೂ ಇಲ್ಲ. ಆಗ — ಈಟಿ. ಬೆನ್ನಿಗೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು, “ಅಯ್ಯ, ಕುಂತಿತ್ತಲ್ಲ ಪಾಪ. ಏನ್ ಮಾಡಿತ್ತು ಅದು?” ಎಂದಳು. ರಾಜಕುಮಾರ ನೀಲಾಂಜನೆಯ ಕೈ ಹಿಡಿದಾಗ ಮೇಲಿನಿಂದ ಯಾರೋ ಬೈದರು. ಜನ ತಲೆ ತಗ್ಗಿಸಿಕೊಂಡು ಹೊರಬಂದರು.

ನಾನು ಕೂರದೇ ಇದ್ದಿದ್ದರೆ ತಮಾಲ ಹೋರಾಡಿ ಸಾಯುತ್ತಿದ್ದ, ಎಲ್ಲ ಪಿಚ್ಚರುಗಳಲ್ಲೂ ಸಾಯುವ ಪ್ರಾಣಿಯ ಹಾಗೆ. ಉಳಿಸಲೆಂದು ಕೂತೆ. ಅದನ್ನೇ ತೆಗೆದುಕೊಂಡು ಕೊಲೆ ಮಾಡಿದರು. ದಿನಕ್ಕೆ ಮೂರು ಆಟ.

ಫುಟ್‌ಪಾತಿನಲ್ಲಿ ಬಸಲಿಂಗವ್ವ ನಿಂತುಬಿಟ್ಟರು. ಕನ್ನಡಕ ತೆಗೆದು ಒರೆಸಿಕೊಂಡರು.

“ಇದನ್ನ ನಾ ಬರೀಬೇಕಾಗಿತ್ತಪ್ಪಾ.”

“ಏನು?”

“ಕೊಲ್ಲೋರು ಕುಂತವರನ್ನ ಕೊಲ್ತಾರ. ಅದು ನಂಗ ಆಗ ಗೊತ್ತಿತ್ತು, ಬರಿಯಾಕ ಹೆದರಿದ್ದೆ. ನೀ ಕುಂತು ತೋರಿಸಿದಿ.”

“ನಾನು ಅದಕ್ಕಾಗಿ ಕೂತದ್ದಲ್ಲ!” ರಸ್ತೆಯವರು ತಿರುಗಿ ನೋಡುವಷ್ಟು ಜೋರಾಗಿ ಅಂದೆ. “ನೀವು ಬರೆದದ್ದೇ ಸರಿ. ಅದೇ ಸರಿ ಅಮ್ಮಾ. ನಾನು ಅದನ್ನು ಓದಿ ಬದುಕಿದವನು.”

ಅವರು ನನ್ನ ಮೊಣಕೈ ಹಿಡಿದರು; ಅಷ್ಟೇ ಅವರಿಗೆ ಎಟುಕುವುದು. “ಹಂಗಾರ ನಿನಗ ಅದ ಇರಲಿ” ಎಂದರು. “ಅದೂ ಸುಳ್ಳಲ್ಲ.”

ಸಯನ್‌ವರೆಗೆ ಬಸ್ಸಿನಲ್ಲಿ ಬಂದೆವು. ಮನೆ ಬಾಗಿಲವರೆಗೆ ಬಿಟ್ಟು ಬಂದೆ. ಪುಸ್ತಕ ತೆಗೆದು ಕೊನೆಯ ಪುಟ ಓದೋಣವೆಂದುಕೊಂಡೆ. ತೆಗೆಯಲಿಲ್ಲ. ಹೆದರಿಕೆ — ಅಲ್ಲಿ ಈಗ ಈಟಿ ಕಾಣಿಸಿದರೆ?

೪ ಸೆಪ್ಟೆಂಬರ್

ಓದಿದೆ. ಈಟಿ ಇಲ್ಲ. ಇಬ್ಬರೂ ಕೂತಿದ್ದಾರೆ. ಆದರೆ ಈಗ ನನಗೆ ಅವರ ಬೆನ್ನು ಕಾಣುತ್ತದೆ. ಮೊದಲು ಮುಖ ಕಾಣುತ್ತಿತ್ತು.

೧೧ ಸೆಪ್ಟೆಂಬರ್

ಶಂಕ್ರೆಪ್ಪ ಬಂದಿದ್ದರು, ಅದೇ ಕಿಟಕಿಯ ಟೇಬಲ್. ಪಿಚ್ಚರ್ ಎರಡನೇ ವಾರಕ್ಕೇ ಇಳಿಯಿತು. ಹೀರೋ ಮೇಲೆ ಜನ ಸಿಟ್ಟಾದರು ಎಂದು ಹಂಚೋರಿಗೆ ಕೋಪ. ಆದರೂ ಇನ್ನೊಂದು ಮಾಡುತ್ತಾರಂತೆ. ಪಾತಾಳದ ಕಥೆ. ದಾತೇ ಸಾಹೇಬರು ನನ್ನನ್ನೇ ಕೇಳಿದ್ದಾರಂತೆ.

“ಈ ಸಲ ನಿನಗ ಮಾತು ಐತಿ. ನಾ ಬರಸಿಕೊಂಡೀನಿ. ಏನಂತೀ?”

ಮಾವ ಗಲ್ಲೆಯಿಂದ ಕಿವಿ ಇಟ್ಟಿದ್ದರು.

ಬೇಡ ಎನ್ನಬೇಕೆಂದು ಬಾಯಿ ತೆರೆದೆ. ಬಂದದ್ದು ಬೇರೆ. “ಮಾತು ಆಮೇಲೆ. ಮೊದಲು ಕೊಕ್ಕೆ ಬೇಕು. ಮುಂಭಾಗದಲ್ಲಿ. ಒಳಗಿನಿಂದ ನಾನೇ ಬಿಚ್ಚುವ ಹಾಗೆ.”

ಅವರು ಕಪ್ಪು ಖಾಲಿ ಮಾಡಿ ಸಾಸರಿನ ಮೇಲಿಟ್ಟರು. “ಐತನ್ನ ಕೇಳೋಣು” ಎಂದರು.

೧೮ ಸೆಪ್ಟೆಂಬರ್, ಅಂಧೇರಿ

ಐತನ ಕೋಲಿ. ಸೇವಂತಿ ಚಹಾ ಇಟ್ಟಿದ್ದಾಳೆ. ಹೊಸ ಚರ್ಮದ ಎದೆಭಾಗ ಮಾತ್ರ ಆಗಿದೆ, ಹಿತ್ತಾಳೆಯ ಕೊಕ್ಕೆಗಳು ಒಂದರ ಕೆಳಗೊಂದು. “ಹಾಕಿ ನೋಡಿ ಮಾರಾಯ್ರೆ, ಬಿಗಿಯಾದ್ರೆ ಹೇಳಿ” ಎಂದು ಆಗಿನಿಂದ ಕರೆಯುತ್ತಿದ್ದ. ಹಾಕಿಕೊಂಡೇ ಬರೆಯುತ್ತಿದ್ದೇನೆ, ಬಲಗೈ ಮಾತ್ರ ಹೊರಗೆ. ಬೆವರು ಶುರುವಾಗಿದೆ. ಉಸಿರು ಹಳೆಯ ಹಾಗೇ ಸಿಕ್ಕಿಕೊಳ್ಳುತ್ತಿದೆ. ಎಡಗೈಯಿಂದ ಮೊದಲ ಕೊಕ್ಕೆ ತಡಕಿದೆ. ಸಿಕ್ಕಿತು. ಗಟ್ಟಿ ಇದೆ. ಇನ್ನೊಂದು ಕೈಯೂ ಬೇಕು, ಪೆನ್ನು ಕೆಳಗಿಟ್ಟು